ಪಿಕಪ್ ಹಿಂದೆ ಎಳೆಯಲು ಸಣ್ಣ ಕ್ಯಾಂಪಿಂಗ್ ಟ್ರೇಲರ್: ಕೊಳ್ಳುವ ಮೊದಲು ಏನೇನು ನೋಡಬೇಕು?

"ವಿ-ಕ್ರಾಸ್ ಇದೆ, ಹಿಂದೆ ಎಳೆಯಲು ಯಾವ ಕ್ಯಾಂಪಿಂಗ್ ಟ್ರೇಲರ್ ಒಳ್ಳೆಯದು?" "ಹೈಲಕ್ಸ್ ಎಷ್ಟು ಭಾರ ಎಳೆಯುತ್ತದೆ?" ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರಿಂದ ಈ ಪ್ರಶ್ನೆಗಳು ಬರುತ್ತಲೇ ಇವೆ. (ವಿ-ಕ್ರಾಸ್ ಇಸುಜು ಕಂಪನಿಯ ಪಿಕಪ್, ಹೈಲಕ್ಸ್ ಟೊಯೋಟದ್ದು.) ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಮೊದಲೇ ಒಂದು ಮಾತು. ಕೇರಳ ಸರಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ತಂದ ಮೇಲೆ ಕಾರವಾನ್ ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ಬಸ್ಸಿನಂಥ, ಎಂಜಿನ್ ಇರುವ ಗಾಡಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ಸ್ವಂತ ಎಂಜಿನ್ ಇಲ್ಲದ, ಹುಕ್ಕಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ, ಒಳಗೆ ಇಬ್ಬರು ಮೂವರು ಮಲಗಬಹುದಾದ ಸಣ್ಣ ಟ್ರೇಲರ್.

ಹೆಚ್ಚಿನವರು ಹಾಸಿಗೆ ಎಷ್ಟು ಅಗಲ, ಅಡುಗೆ ಕಟ್ಟೆ ಹೇಗಿದೆ, ಟಿವಿ ಇದೆಯಾ ಅಂತ ಶುರು ಮಾಡುತ್ತಾರೆ. ಅದು ಕೊನೆಗೆ ನೋಡುವಂಥದ್ದು. ಟ್ರೇಲರ್ ಆರಿಸಿಕೊಡುವುದು ಎರಡೇ ಸಂಗತಿ: ನಿಮ್ಮ ಮನೆಯ ದಾರಿ ಮತ್ತು ತೂಕ.

ಕೈಯಲ್ಲಿ ಇರಬೇಕಾದದ್ದು

ಪಿಕಪ್‌ನ ಆರ್‌ಸಿ, ಕಂಪನಿ ಕೊಟ್ಟ ಮಾಲಕರ ಕೈಪಿಡಿ, ಉದ್ದದ ಅಳತೆ ಟೇಪು, ಮನೆಯಲ್ಲಿ ಮೈತೂಕ ನೋಡುವ ಮೆಷಿನ್, ಒಂದು ಟಾರ್ಚ್. ಜೊತೆಗೆ ನಿಮ್ಮ ಹತ್ತಿರದ ವೇಬ್ರಿಜ್ ಎಲ್ಲಿದೆ ಅಂತ ತಿಳಿದಿರಲಿ. ಲಾರಿಗಳನ್ನು ಲೋಡಿನ ಸಮೇತ ತೂಗುವ ಜಾಗ ಅದು. ಸ್ವಲ್ಪ ದುಡ್ಡು ಕೊಟ್ಟರೆ ನಿಮ್ಮದನ್ನೂ ತೂಗಿ ಚೀಟಿ ಕೊಡುತ್ತಾರೆ.

1. ಮೊದಲು ಮನೆಯ ದಾರಿ ಅಳೆಯಿರಿ

ನಮ್ಮ ಕಡೆಯ ಮನೆಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತು. ಡಾಮರು ರಸ್ತೆ ಗುಡ್ಡೆಯ ಮೇಲೆ, ಮನೆ ಕೆಳಗೆ ಕಂಗಿನ ತೋಟದ ಬದಿಯಲ್ಲಿ. ನಡುವೆ ಎರಡೂ ಕಡೆ ಮುರಕಲ್ಲಿನ ಗೋಡೆ ಇರುವ ಇಳಿಜಾರು ದಾರಿ, ಅದಕ್ಕೊಂದು ಸೊಟ್ಟ ತಿರುವು. ಪಿಕಪ್ಪನ್ನೇ ಎರಡು ಸಲ ಹಿಂದೆ ಮುಂದೆ ಮಾಡಿ ತಿರುಗಿಸುತ್ತಿದ್ದೀರಿ ಅಂತಾದರೆ ಅದರ ಹಿಂದೆ ಟ್ರೇಲರ್ ಕಟ್ಟಿ ಆ ತಿರುವು ಆಗುವುದಿಲ್ಲ.

ಹೈಲಕ್ಸ್, ವಿ-ಕ್ರಾಸ್ ಎರಡೂ ಸುಮಾರು 5.3 ಮೀಟರ್ ಉದ್ದ. ಅದಕ್ಕೆ 4 ಮೀಟರ್ ಟ್ರೇಲರ್ ಸೇರಿದರೆ 9 ಮೀಟರ್ ದಾಟಿತು. ತಿರುವಿನಲ್ಲಿ ಟ್ರೇಲರಿನ ಚಕ್ರ ಪಿಕಪ್‌ನ ಚಕ್ರ ಹೋದಲ್ಲೇ ಹೋಗುವುದಿಲ್ಲ, ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ. ಗೋಡೆಗೆ ಉಜ್ಜುವುದು, ಚರಂಡಿಗೆ ಚಕ್ರ ಇಳಿಯುವುದು ಆಗಲೇ.

ಗೇಟಿನ ಅಗಲ, ಅತಿ ಇರುಕಾದ ಜಾಗದ ಅಗಲ, ತಿರುವಿನ ಒಳಮೂಲೆ, ಮೇಲೆ ಅಡ್ಡ ಬರುವ ಕರೆಂಟಿನ ವಯರು, ಶೆಡ್ಡಿನ ಮಾಡಿನ ಎತ್ತರ, ಇವಿಷ್ಟು ಬರೆದಿಟ್ಟುಕೊಳ್ಳಿ. ಟ್ರೇಲರನ್ನು ಬಿಚ್ಚಿ ಕೈಯಲ್ಲಿ ತಳ್ಳಿ ತಿರುಗಿಸಬಹುದಾ ಅಂತಲೂ ಯೋಚಿಸಿ. 400 ಕೆಜಿಯದ್ದನ್ನು ಸಮತಟ್ಟಾದ ಅಂಗಳದಲ್ಲಿ ಇಬ್ಬರು ತಳ್ಳಬಹುದು. ಇಳಿಜಾರಿನಲ್ಲಿ ಆ ಸಾಹಸ ಬೇಡವೇ ಬೇಡ.

ನಿಲ್ಲಿಸುವ ಜಾಗ ತೆಂಗಿನಮರದ ಅಡಿಯಲ್ಲಿ ಮಾತ್ರ ಇದೆಯಾ? ಹಾಗಿದ್ದರೆ ಮೊದಲು ಶೆಡ್ಡು, ಆಮೇಲೆ ಟ್ರೇಲರ್.

2. ಪಿಕಪ್ ಎಷ್ಟು ಹೊರುತ್ತದೆ ಅಂತ ಲೆಕ್ಕ ಹಾಕಿ

ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಎಲ್ಲರೂ ಕೇಳುವುದು ಮೊದಲನೆಯದನ್ನು, ತೊಂದರೆ ಕೊಡುವುದು ಎರಡನೆಯದು.

ಎಳೆಯುವುದಕ್ಕೆ ಎಂಜಿನ್ ಸಾಕು. ಹೈಲಕ್ಸ್‌ನ 2.8 ಲೀಟರ್ ಡೀಸೆಲ್‌ಗಾಗಲಿ ವಿ-ಕ್ರಾಸ್‌ನ 1.9 ಲೀಟರ್ ಡೀಸೆಲ್‌ಗಾಗಲಿ 700 ಕೆಜಿ ದೊಡ್ಡದಲ್ಲ. ಆಸ್ಟ್ರೇಲಿಯಾದಲ್ಲಿ ಇದೇ ಹೆಸರಿನ ಗಾಡಿಗಳಿಗೆ 3,500 ಕೆಜಿ ತನಕ ಎಳೆಯಬಹುದು ಅಂತ ಇದೆ. ಅದನ್ನು ವಿಡಿಯೋದಲ್ಲಿ ನೋಡಿ ಇಲ್ಲಿಗೆ ತರಬೇಡಿ. ಅಲ್ಲಿನ ಸ್ಪ್ರಿಂಗು, ಹುಕ್ಕು, ಬ್ರೇಕಿನ ನಿಯಮ, ರಸ್ತೆ ಎಲ್ಲವೂ ಬೇರೆ. ನಿಮ್ಮ ಕೈಪಿಡಿಯಲ್ಲಿ ಏನು ಬರೆದಿದೆಯೋ ಅದೇ ನಿಮಗೆ ಲೆಕ್ಕ. ಬರೆದಿಲ್ಲದಿದ್ದರೆ ಕಂಪನಿಗೆ ಇಮೇಲ್ ಮಾಡಿ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಶೋರೂಮಿನಲ್ಲಿ ಸೇಲ್ಸ್‌ನವರು "ಆರಾಮಾಗಿ ಎಳೀತದೆ ಸಾರ್" ಅಂದದ್ದು ಉತ್ತರವಲ್ಲ.

ಇನ್ನು ಹೊರುವುದು. ಗಾಡಿ ತುಂಬಿದಾಗ ಇರಬಹುದಾದ ಗರಿಷ್ಠ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದು ಪೇಲೋಡ್, ಅಂದರೆ ಜನ, ಸಾಮಾನು, ನೀವು ಹಾಕಿಸಿದ ಎಕ್ಸ್‌ಟ್ರಾ ಫಿಟ್ಟಿಂಗು, ಟ್ರೇಲರಿನ ಮೂತಿ ಹುಕ್ಕಿನ ಮೇಲೆ ಒತ್ತುವ ಭಾರ, ಎಲ್ಲ ಸೇರಿ ಇಷ್ಟರೊಳಗೆ ಇರಬೇಕು.

ಉದಾಹರಣೆಗೆ ಪೇಲೋಡ್ 450 ಕೆಜಿ ಅಂತ ಇಟ್ಟುಕೊಳ್ಳಿ. ಐದು ಜನ, 320 ಕೆಜಿ. ಹಿಂದೆ ಕೂರಿಸಿದ ಕಬ್ಬಿಣದ ಟೋ ಬಾರ್, ಅಂದರೆ ಹುಕ್ಕು ಕೂರುವ ಅಡ್ಡಪಟ್ಟಿ, 30. ಮೂತಿಯ ಭಾರ 70. ಆಗಲೇ 420 ಆಯಿತು. ಉಳಿದದ್ದು 30 ಕೆಜಿ. ಮನೆಯಿಂದ ಹೊರಡುವಾಗ ಅತ್ತೆ ಕೊಟ್ಟ ಎರಡು ಹಲಸಿನಕಾಯಿ ಹಿಂದೆ ಹಾಕಿದರೆ ಲೆಕ್ಕ ಮುಗಿಯಿತು. ಹಿಂದಿನ ಡಬ್ಬ ಖಾಲಿ ಕಾಣುತ್ತಿರುತ್ತದೆ, ಗಾಡಿ ಮಾತ್ರ ತುಂಬಿರುತ್ತದೆ.

3. ಟ್ರೇಲರಿನ ತುಂಬಿದ ತೂಕ ನೋಡಿ, ಖಾಲಿ ತೂಕವಲ್ಲ

ಜಾಹೀರಾತಿನಲ್ಲಿ ಹಾಕುವುದು ಖಾಲಿ ತೂಕ. 450 ಕೆಜಿ ಅಂದಿದ್ದಾರೆ ಅನ್ನಿ. ಅದಕ್ಕೆ 60 ಲೀಟರ್ ನೀರು ತುಂಬಿದಿರಿ, 60 ಕೆಜಿ. ಇನ್ವರ್ಟರಿಗೆ ಹಾಕುವಂಥ ದೊಡ್ಡ ಟ್ಯೂಬುಲರ್ ಬ್ಯಾಟರಿ ಒಂದು, 55. ಸಣ್ಣ ಗ್ಯಾಸ್ ಸಿಲಿಂಡರ್ 12, ಸಾಮಾನು ತುಂಬಿದ ಫ್ರಿಜ್ 30, ಬದಿಗೆ ಬಿಚ್ಚುವ ಬಟ್ಟೆ ಚಪ್ಪರ 15, ಸ್ಟೆಪ್ನಿ 20, ಪಾತ್ರೆ, ಅಕ್ಕಿ, ಹಾಸಿಗೆ, ಬಟ್ಟೆಬರೆ 40. ಒಟ್ಟು 232 ಕೆಜಿ ಮೇಲೆ ಬಿತ್ತು. ನಿಮ್ಮ 450ರ ಟ್ರೇಲರ್ ಈಗ ಸುಮಾರು 680.

ಮಾರುವವರ ಹತ್ತಿರ ಕೇಳಬೇಕಾದ ಪ್ರಶ್ನೆ ಇದು: "ಇದು ತುಂಬಿದಾಗ ಗರಿಷ್ಠ ಎಷ್ಟು ಇರಬಹುದು, ಅದು ಎಲ್ಲಿ ಬರೆದಿದೆ?" ಟ್ರೇಲರಿನ ಮೂತಿಯ ಹತ್ತಿರ ಒಂದು ತಗಡಿನ ಪಟ್ಟಿಯಲ್ಲಿ ಆ ಅಂಕಿ ಇರಬೇಕು. ಪಟ್ಟಿಯೇ ಇಲ್ಲದಿದ್ದರೆ ಮುಂದಿನ ಮಾತು ಬೇಡ.

ಮೂತಿಯ ಭಾರ ಒಟ್ಟು ತೂಕದ ಸುಮಾರು 10 ಶೇಕಡ ಇರಲಿ. 680ಕ್ಕೆ 68 ಕೆಜಿ. ತೀರಾ ಕಡಿಮೆಯಾದರೆ ಓಟದಲ್ಲಿ ಟ್ರೇಲರಿನ ಬಾಲ ಅತ್ತಿತ್ತ ಅಲ್ಲಾಡಲು ಶುರುವಾಗುತ್ತದೆ. ಜಾಸ್ತಿಯಾದರೆ ಪಿಕಪ್‌ನ ಹಿಂಭಾಗ ಕುಗ್ಗಿ, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಇದನ್ನು ಅಳೆಯಲು ವೇಬ್ರಿಜ್ ಬೇಡ. ಲಾರಿ ತೂಗುವ ಮೆಷಿನ್ನಿನಲ್ಲಿ 10 ಕೆಜಿ ಆಚೀಚೆ ಆಗುವುದು ಸಾಮಾನ್ಯ, ಮೂತಿಯ ಭಾರಕ್ಕೆ ಅಷ್ಟು ವ್ಯತ್ಯಾಸ ದೊಡ್ಡದು. ಮೈತೂಕದ ಮೆಷಿನ್ನೇ ಸರಿ. ಸಮತಟ್ಟಾದ ಅಂಗಳದಲ್ಲಿ ಟ್ರೇಲರ್ ನಿಲ್ಲಿಸಿ, ಎರಡೂ ಚಕ್ರಕ್ಕೆ ಕಲ್ಲು ಇಡಿ. ಎರಡು ಮುರಕಲ್ಲಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮೆಷಿನ್, ಮೆಷಿನ್ನಿನ ಮೇಲೆ ನೆಟ್ಟಗೆ ನಿಲ್ಲುವ ಒಂದು ಮರದ ತುಂಡು. ಆ ತುಂಡಿನ ಮೇಲೆ ಮೂತಿಯನ್ನು ನಿಧಾನಕ್ಕೆ ಇಳಿಸಿ. ಪಿಕಪ್‌ನ ಹುಕ್ಕು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಮೂತಿ ನಿಲ್ಲುವಂತೆ ತುಂಡನ್ನು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ. ಮೆಷಿನ್ ಎಷ್ಟು ಕೆಜಿ ತನಕ ತಡೆಯುತ್ತದೆ ಅಂತ ಮೊದಲೇ ನೋಡಿ. ಒಂದು ಸಲ ನೀರಿನ ಟ್ಯಾಂಕಿ ತುಂಬಿ, ಇನ್ನೊಂದು ಸಲ ಖಾಲಿ ಮಾಡಿ ತೂಗಿ. ಟ್ಯಾಂಕಿ ಚಕ್ರದ ಹಿಂದೆ ಇರುವ ಟ್ರೇಲರುಗಳಲ್ಲಿ ನೀರು ತುಂಬಿದಾಗ ಮೂತಿಯ ಭಾರ ಇಳಿಯುತ್ತದೆ! ಅಂಥ ಟ್ರೇಲರನ್ನು ನಾನಂತೂ ಶಿಫಾರಸು ಮಾಡುವುದಿಲ್ಲ.

4. ಯಾವ ನಮೂನೆ?

ಸಣ್ಣದರಲ್ಲಿ ಮುಖ್ಯವಾಗಿ ನಾಲ್ಕು ನಮೂನೆ ಇವೆ.

ಟಿಯರ್‌ಡ್ರಾಪ್: ಹಿಂದಕ್ಕೆ ಇಳಿಜಾರಾದ ಗಿಡ್ಡ ಪೆಟ್ಟಿಗೆ. ಒಳಗೆ ಹಾಸಿಗೆ ಮಾತ್ರ, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ಹಗುರ, ಗಿಡ್ಡ, ಗಾಳಿಗೆ ಅಡ್ಡ ನಿಲ್ಲುವುದಿಲ್ಲ. ಒಳಗೆ ನಿಲ್ಲಲು ಆಗುವುದಿಲ್ಲ, ಮಳೆಯಲ್ಲಿ ಅಡುಗೆ ಮಾಡುವವರು ಒದ್ದೆಯಾಗುತ್ತಾರೆ.

ಸಾಮಾನಿನ ಟ್ರೇಲರಿನ ಮೇಲೆ ರೂಫ್ ಟೆಂಟ್: ಖರ್ಚು ಕಡಿಮೆ. ಮಲಗಲು ಏಣಿ ಹತ್ತಿ ಮೇಲಿನ ಟೆಂಟಿಗೆ ಹೋಗಬೇಕು. ಅಪ್ಪ ಅಮ್ಮನಿಗೆ ಏಣಿ ಹತ್ತಲು ಆಗುವುದಿಲ್ಲ ಅಲ್ವಾ?

ಮಡಚುವ ಕ್ಯಾನ್ವಾಸಿನದ್ದು: ಓಟದಲ್ಲಿ ಗಿಡ್ಡ, ಬಿಚ್ಚಿದರೆ ದೊಡ್ಡ ಕೋಣೆ. ಒಣ ಊರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ನಮ್ಮಲ್ಲಿ ಒದ್ದೆ ಕ್ಯಾನ್ವಾಸನ್ನು ಮಡಚಿ ತಂದು ಎರಡು ದಿನ ಬಿಟ್ಟರೆ ಬೂಸಲು ಹಿಡಿಯುತ್ತದೆ. ಬೂಸಲಿನ ವಾಸನೆ ಮತ್ತೆ ಹೋಗುವುದಿಲ್ಲ.

ಪೂರ್ತಿ ಗಟ್ಟಿ ಗೋಡೆಯ ಪೆಟ್ಟಿಗೆ: ಒಳಗೆ ನಿಲ್ಲಬಹುದು, ಕೂತು ಉಣ್ಣಬಹುದು. ಭಾರ, ಎತ್ತರ, ಬೆಲೆ ಮೂರೂ ಜಾಸ್ತಿ.

ಗಂಡ ಹೆಂಡತಿ, ಒಂದು ಸಣ್ಣ ಮಗು ಅಂತಾದರೆ ಟಿಯರ್‌ಡ್ರಾಪ್ ತಗೊಳ್ಳಿ, ಬದಿಗೆ ಒಳ್ಳೆಯ ಚಪ್ಪರ ಕಟ್ಟಿಸಿ. ನಾಲ್ಕು ಜನಕ್ಕೂ ಒಳಗೇ ಮಲಗಬೇಕು ಅಂದರೆ ಗಟ್ಟಿ ಪೆಟ್ಟಿಗೆಯೇ ಆಗಬೇಕು, ಆಗ ಎರಡನೇ ಹಂತದ ಲೆಕ್ಕ ಮತ್ತೊಮ್ಮೆ ಮಾಡಿ. ಯಾವುದೇ ಆಗಲಿ, ಅಗಲ ಪಿಕಪ್‌ಗಿಂತ ಹೆಚ್ಚಿರದಿದ್ದರೆ ಬದಿಯ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತದೆ. ಹೈಲಕ್ಸ್ ಸುಮಾರು 1.85 ಮೀಟರ್ ಅಗಲ.

ಎಸಿ ಬೇಕು ಅನ್ನುವವರಿಗೆ: ಬ್ಯಾಟರಿಯಲ್ಲಿ ರಾತ್ರಿಯಿಡೀ ಎಸಿ ಓಡಿಸುವ ಕನಸು ಬಿಡಿ. 100 ಆಂಪಿಯರ್-ಅವರ್‌ನ 12 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವಾಟ್-ಅವರ್ ಇರುತ್ತದೆ. 25 ವಾಟಿನ ಫ್ಯಾನಿಗೆ ಎರಡು ರಾತ್ರಿ ಧಾರಾಳ. ಎಸಿಗೆ ಎರಡು ತಾಸೂ ಕಷ್ಟ. ಎದುರು ಬದುರು ಕಿಟಕಿ, ಸೊಳ್ಳೆ ಬಲೆ, ಮಾಡಿನಲ್ಲಿ ಗಾಳಿ ಹೊರಹಾಕುವ ಫ್ಯಾನ್ ಇದ್ದರೆ ಬೇಕಲದ ಕಡಲ ಬದಿಯಲ್ಲಿ ನಿದ್ದೆ ಬರುತ್ತದೆ. ಗ್ಯಾಸ್ ಒಲೆ ಹೊರಗೇ ಇರಲಿ. ಮುಚ್ಚಿದ ಪೆಟ್ಟಿಗೆಯೊಳಗೆ ಒಲೆ ಉರಿಸಿ ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಾಸನೆಯಿಲ್ಲದ ವಿಷಗಾಳಿ ಜೀವ ತೆಗೆಯುತ್ತದೆ.

5. ಬ್ರೇಕು, ಹುಕ್ಕು, ಲೈಟು

ಯುರೋಪಿನಲ್ಲಿ 750 ಕೆಜಿ ತನಕ ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೂ ನಡೆಯುತ್ತದೆ. ಆ ಅಂಕಿ ಹೇಳಿ "ಬ್ರೇಕ್ ಬೇಡ ಸಾರ್" ಅನ್ನುವವರು ಸಿಗುತ್ತಾರೆ. ರಾಣಿಪುರದ ಇಳಿಜಾರಿನಲ್ಲಿ ಹಿಂದಿನಿಂದ 680 ಕೆಜಿ ತಳ್ಳುತ್ತಿರುವಾಗ ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ಘಾಟಿ ಹತ್ತಿಳಿಯುವವರು ಬ್ರೇಕ್ ಇರುವುದನ್ನೇ ತಗೊಳ್ಳಿ.

ಬ್ರೇಕಿನಲ್ಲಿ ಎರಡು ಬಗೆ. ಒಂದು ಓವರ್‌ರನ್ ಬ್ರೇಕ್: ಪಿಕಪ್ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದಲ್ಲ, ಆ ಒತ್ತಡವೇ ಅದರ ಬ್ರೇಕನ್ನು ಹಿಡಿಸುತ್ತದೆ. ವಯರು, ಸ್ವಿಚ್ಚು ಏನೂ ಬೇಡ. ಇನ್ನೊಂದು ಎಲೆಕ್ಟ್ರಿಕ್ ಬ್ರೇಕ್: ಡ್ರೈವರ್ ಹತ್ತಿರ ಒಂದು ಕಂಟ್ರೋಲರ್ ಕೂರಿಸಬೇಕು, ಬೇಕಾದಾಗ ಟ್ರೇಲರಿನ ಬ್ರೇಕನ್ನು ಮಾತ್ರವೂ ಹಿಡಿಯಬಹುದು.

ಓವರ್‌ರನ್ನಿನದ್ದು ಕೊಳ್ಳುವಾಗ ಒಂದು ಪರೀಕ್ಷೆ ತಪ್ಪಿಸಬೇಡಿ. ಏರು ದಾರಿಯಲ್ಲಿ ರಿವರ್ಸ್ ತೆಗೆದು ನೋಡಿ. ರಿವರ್ಸಿನಲ್ಲೂ ಟ್ರೇಲರ್ ಹುಕ್ಕಿಗೆ ಒತ್ತುತ್ತದೆ, ಹಳೆಯ ನಮೂನೆಯವು ಅದನ್ನೇ ಬ್ರೇಕ್ ಅಂದುಕೊಂಡು ಚಕ್ರ ಕಚ್ಚಿಬಿಡುತ್ತವೆ. ತೋಟದ ಮನೆಯಿಂದ ಮೇಲಕ್ಕೆ ರಿವರ್ಸಿನಲ್ಲೇ ಬರಬೇಕಾದವರಿಗೆ ಅದು ದಿನಾ ಗೋಳು. ರಿವರ್ಸಿನಲ್ಲಿ ತಾನಾಗಿ ಬಿಡುವ ವ್ಯವಸ್ಥೆ ಇದೆಯಾ ಅಂತ ಕೇಳಿ, ಕೇಳಿದ್ದು ಸಾಲದು, ಓಡಿಸಿ ನೋಡಿ.

ಬ್ರೇಕ್‌ಅವೇ ಕೇಬಲ್ಲೂ ಇರಲಿ. ಟ್ರೇಲರ್ ಕಳಚಿಕೊಂಡರೆ ಈ ತಂತಿ ಎಳೆದು ಅದರ ಬ್ರೇಕ್ ಹಿಡಿಯುತ್ತದೆ. ಅದರ ಜೊತೆ ಎರಡು ಸೇಫ್ಟಿ ಚೈನು, ಮೂತಿಯ ಅಡಿಯಲ್ಲಿ ಒಂದಕ್ಕೊಂದು ಅಡ್ಡಹಾಯುವಂತೆ ಸಿಕ್ಕಿಸಬೇಕು. ಮೂತಿ ಕಳಚಿದರೆ ರಸ್ತೆಗೆ ತಾಗದೆ ಚೈನಿನ ಮೇಲೆ ಕೂರುತ್ತದೆ.

ಹುಕ್ಕಿನ ತುದಿಯಲ್ಲಿ ಒಂದು ಗುಂಡು ಇರುತ್ತದೆ, ಟ್ರೇಲರಿನ ಮೂತಿಯ ಬಾಯಿ ಅದರ ಮೇಲೆ ಕೂರುತ್ತದೆ. ಆ ಗುಂಡಿನ ಅಳತೆ ನೋಡದೆ ದುಡ್ಡು ಕೊಡಬೇಡಿ. ಯುರೋಪಿನ ಅಳತೆ 50 ಮಿಲಿಮೀಟರ್. ಅಮೆರಿಕದಲ್ಲಿ 2 ಇಂಚಿನದ್ದೂ ಇದೆ, 1 ಇಂಚು ಮತ್ತು ಎಂಟರಲ್ಲಿ ಏಳರದ್ದೂ ಇದೆ. ಈ ಕೊನೆಯದು 47.6 ಮಿಲಿಮೀಟರ್ ಮಾತ್ರ. 50ರ ಬಾಯಿಗೆ 47.6ರ ಗುಂಡು ಕೂರುತ್ತದೆ, ಲಾಕೂ ಬೀಳುತ್ತದೆ, ದೊಡ್ಡ ಹಂಪಿನಲ್ಲಿ ಹಾರಿ ಹೋಗುತ್ತದೆ.

ಟೋ ಬಾರನ್ನು ಚಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೋಲ್ಟ್ ಹಾಕಿ ಕೂರಿಸಬೇಕು. ಹಿಂದಿನ ಬಂಪರಿಗೆ ವೆಲ್ಡ್ ಮಾಡಿಸುವುದು ಸುಮ್ನೆ ಅಪಾಯ ತಂದುಕೊಂಡ ಹಾಗೆ. ಅಷ್ಟೇ ಅಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. ಕೂರಿಸುವ ಮೊದಲು ಆರ್‌ಟಿಒದಲ್ಲಿ ಕೇಳಿ.

ಲೈಟಿಗೆ ಪಿಕಪ್‌ನ ವಯರನ್ನು ಕತ್ತರಿಸಿ ಟೇಪು ಸುತ್ತುವ ಎಲೆಕ್ಟ್ರಿಷಿಯನ್ನನ್ನು ದೂರ ಇಡಿ. ಈಗಿನ ಗಾಡಿಗಳ ಕಂಪ್ಯೂಟರ್ ತಕರಾರು ಮಾಡುತ್ತದೆ, ವಾರಂಟಿಗೂ ತೊಂದರೆ. ಬೈಪಾಸ್ ರಿಲೇ ಅಂತ ಸಿಗುತ್ತದೆ, ಅದು ಲೈಟಿನ ಕರೆಂಟನ್ನು ನೇರ ಬ್ಯಾಟರಿಯಿಂದ ತೆಗೆಯುತ್ತದೆ, ಗಾಡಿಯ ವಯರಿನಿಂದ ಸೂಚನೆ ಮಾತ್ರ. ಕಡಲ ಬದಿಯವರು ಪ್ಲಗ್ಗಿನ ಪಿನ್ನುಗಳಿಗೆ ಆಗಾಗ ವ್ಯಾಸಲೀನ್ ಹಚ್ಚಿ. ಉಪ್ಪುಗಾಳಿಗೆ ಪಿನ್ನು ಹಸಿರಾಗಿ ಇಂಡಿಕೇಟರ್ ಸಾಯುತ್ತದೆ.

6. ಅಡಿಗೆ ತಲೆ ಹಾಕಿ ನೋಡಿ

ಟಾರ್ಚ್ ಬೇಕಾಗುವುದು ಇಲ್ಲಿ. ಚಾಸಿಗೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಆಗಿದೆಯಾ ನೋಡಿ, ಅಂದರೆ ಇಡೀ ಚೌಕಟ್ಟನ್ನು ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದಿರಬೇಕು. ಬೂದು ಬಣ್ಣ, ಒಳಗೂ ಹೊರಗೂ ಒಂದೇ ಥರ. ಬರೀ ಕಪ್ಪು ಪೇಂಟು ಹೊಡೆದದ್ದಾದರೆ ಚೌಕ ಪೈಪಿನ ಒಳಗಿನಿಂದ ತುಕ್ಕು ಶುರುವಾಗುತ್ತದೆ, ಹೊರಗೆ ಕಾಣುವಾಗ ತಡವಾಗಿರುತ್ತದೆ. ಕಾಸರಗೋಡಿನ ಮಳೆ, ಉಪ್ಪುಗಾಳಿ ಎರಡಕ್ಕೂ ಬರೀ ಪೇಂಟು ಸಾಲದು.

ಟಯರಿನ ಬದಿಯಲ್ಲಿ 145/80 ಆರ್12 74 ಅಂತೆಲ್ಲ ಬರೆದಿರುತ್ತದಲ್ಲ, ಕೊನೆಯ ಅಂಕಿ ಲೋಡ್ ಇಂಡೆಕ್ಸ್, ಒಂದು ಟಯರ್ ಎಷ್ಟು ಹೊರುತ್ತದೆ ಅನ್ನುವುದರ ಗುರುತು. 74 ಅಂದರೆ 375 ಕೆಜಿ, 85 ಅಂದರೆ 515, 91 ಅಂದರೆ 615. ಈ 145/80 ಆರ್12 ಹಳೆಯ ಆಲ್ಟೊ ಕಾರಿನ ಅಳತೆ, ಅಂಥ ಎರಡು ಟಯರು ಸೇರಿ 750 ಕೆಜಿ. ನಮ್ಮ 680ರ ಟ್ರೇಲರ್ ಅದರಲ್ಲಿ ನಿಲ್ಲುತ್ತದೆ, ಆದರೆ ಹೊಂಡಕ್ಕೆ ಬಿದ್ದಾಗ ಉಳಿತಾಯ ಏನೂ ಇಲ್ಲ. 14 ಇಂಚಿನದ್ದು ಕೇಳಿ, ಊರಿನ ಟಯರ್ ಅಂಗಡಿಯಲ್ಲೂ ಸಿಗುತ್ತದೆ. ಬದಿಯಲ್ಲಿರುವ ನಾಲ್ಕಂಕಿಯ ತಾರೀಕು ಕೂಡ ನೋಡಿ: 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಟ್ರೇಲರಿನ ಟಯರು ಸವೆಯುವ ಮೊದಲೇ ನಿಂತಲ್ಲಿ ಒಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ನೆಲದ ಪ್ಲೈವುಡ್ಡನ್ನು ಮೂಲೆ ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿ. ಮೆತ್ತಗಾದರೆ ನೀರು ಕುಡಿದಿದೆ. ಹೊಸತಾದರೂ ಹಳತಾದರೂ ಪೈಪು ಹಿಡಿದು ಕಿಟಕಿ, ಮಾಡು, ಬಾಗಿಲಿನ ಸಂದಿಗೆ ಇಪ್ಪತ್ತು ನಿಮಿಷ ನೀರು ಬಿಡಿ, ಒಳಗೊಬ್ಬರು ಟಾರ್ಚ್ ಹಿಡಿದು ಕೂರಲಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

7. ಕಾಗದಪತ್ರ

"ಟ್ರೇಲರಿಗೆ ರಿಜಿಸ್ಟ್ರೇಷನ್ ಬೇಡ" ಅಂತ ಹೇಳುವವರನ್ನು ನಂಬಬೇಡಿ. ಕಾಯ್ದೆಯಲ್ಲಿ ಮೋಟಾರು ವಾಹನ ಅಂದರೆ ಟ್ರೇಲರೂ ಸೇರುತ್ತದೆ. ಅದಕ್ಕೆ ತನ್ನದೇ ನಂಬರ್ ಬೇಕು, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು. ನೋಂದಣಿ ಅರ್ಜಿ ಫಾರ್ಮ್ 20, ಮಾರಾಟದ ಸರ್ಟಿಫಿಕೇಟ್ ಫಾರ್ಮ್ 21, ರಸ್ತೆಗೆ ಯೋಗ್ಯ ಅನ್ನುವ ಸರ್ಟಿಫಿಕೇಟ್ ಫಾರ್ಮ್ 22. ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆ ಆ ಮಾದರಿಯನ್ನು ಒಪ್ಪಿದ ಕಾಗದದ ಪ್ರತಿಯನ್ನೂ ಕೇಳಿ. ವರ್ಕ್‌ಶಾಪಿನಲ್ಲಿ ವೆಲ್ಡ್ ಮಾಡಿಸಿದರೆ ಅರ್ಧ ದುಡ್ಡಿಗೆ ಆಗುತ್ತದೆ ನಿಜ, ಆದರೆ ಈ ಕಾಗದಗಳು ಸಿಗುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಈ ಪ್ರತಿಗಳನ್ನು ಹಿಡಿದುಕೊಂಡು ಕಾಸರಗೋಡು ಅಥವಾ ಕಾಞಂಗಾಡಿನ ಆರ್‌ಟಿ ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ಗಡಿಯವರಿಗೆ ಇನ್ನೊಂದು. ಮನೆ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನಲ್ಲಿ, ಟ್ರೇಲರ್ ನಿಲ್ಲಿಸುವುದು ತಮ್ಮನ ಮನೆ ವಿಟ್ಲದಲ್ಲಿ ಅಂತಾದರೆ, ಒಂದು ರಾಜ್ಯದ ನಂಬರಿನ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ 47ನೇ ಸೆಕ್ಷನ್ ಪ್ರಕಾರ ಅಲ್ಲಿನ ನಂಬರ್ ಮಾಡಿಸಬೇಕು. ಟ್ರೇಲರಿಗೂ ಅದೇ ನಿಯಮ.

8. ತುಂಬಿಸಿ ಎಳೆದು ನೋಡಿ, ಆಮೇಲೆ ದುಡ್ಡು

ಖಾಲಿ ಟ್ರೇಲರಿನ ಟ್ರಯಲ್‌ನಿಂದ ಏನೂ ಗೊತ್ತಾಗುವುದಿಲ್ಲ. ನೀರು ತುಂಬಿಸಿ, ಸಾಮಾನಿನ ಬದಲು ಅಕ್ಕಿ ಚೀಲ ಹಾಕಿ. ಭಾರದ್ದೆಲ್ಲ ಚಕ್ರದ ಮೇಲೆ ಅಥವಾ ಸ್ವಲ್ಪ ಮುಂದೆ, ಅಡಿಯಲ್ಲಿ ಇರಲಿ. ತುಂಬಿದ ಟ್ರೇಲರನ್ನು ಬಿಚ್ಚಿ ವೇಬ್ರಿಜ್‌ನಲ್ಲಿ ಒಟ್ಟು ತೂಕ ನೋಡಿ, ತಗಡಿನ ಪಟ್ಟಿಯ ಅಂಕಿಗೆ ಹೋಲಿಸಿ. ಕಟ್ಟಿದ ಮೇಲೆ ಇಡೀ ಜೋಡಿ ಸಮವಾಗಿ ನಿಲ್ಲಬೇಕು.

ಆರು ಪಥ ಆದ ಕಡೆ ಹೆದ್ದಾರಿಯಲ್ಲಿ 60ರಲ್ಲಿ ಓಡಿಸಿ. ಒಂದು ಬಸ್ಸು ಪಕ್ಕದಲ್ಲಿ ಹಾದು ಹೋದಾಗ ಟ್ರೇಲರ್ ಒಮ್ಮೆ ಅಲ್ಲಾಡಿ ಸುಮ್ಮನಾದರೆ ಸರಿ. ಅಲ್ಲಾಟ ಹೆಚ್ಚುತ್ತಾ ಹೋದರೆ ಸರಿಯಿಲ್ಲ. ಆಗ ಗಾಬರಿಯಿಂದ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಎಳೆದಾಡಬೇಡಿ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಟ್ರೇಲರಿನದ್ದನ್ನು ಮಾತ್ರ ಸ್ವಲ್ಪ ಹಿಡಿಯಿರಿ.

ರಿವರ್ಸಿಗೆ ಒಂದು ಉಪಾಯ: ಕೈಯನ್ನು ಸ್ಟೇರಿಂಗಿನ ಕೆಳಭಾಗದಲ್ಲಿ ಹಿಡಿಯಿರಿ. ಟ್ರೇಲರಿನ ಬಾಲ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ. ಗಿಡ್ಡ ಟ್ರೇಲರು ಉದ್ದದ್ದಕ್ಕಿಂತ ಬೇಗ ಮಡಚಿಕೊಳ್ಳುತ್ತದೆ. ಚೂರು ಚೂರೇ ತಿರುಗಿಸಿ, ತಪ್ಪಿದರೆ ಮುಂದೆ ತಂದು ನೇರ ಮಾಡಿ.

9. ಮೊದಲ ಓಟಗಳು

ಮೊದಲು ಬೇಕಲದ ಕಡೆಗೆ ಹೋಗಿ, ಸಮತಟ್ಟು ದಾರಿ. ಆಮೇಲೆ ಸುಳ್ಯ ದಾಟಿ ಸಂಪಾಜೆ ಘಾಟಿಯಲ್ಲಿ ಮಡಿಕೇರಿ. ಪಾಣತ್ತೂರಿನಿಂದ ಕರಿಕೆ ದಾರಿಯಾಗಿ ಭಾಗಮಂಡಲ ಹತ್ತಿರ ಅಂತ ಮ್ಯಾಪ್ ತೋರಿಸಬಹುದು. ಅದು ಇರುಕು ದಾರಿ, ಎದುರು ಜೀಪು ಬಂದರೆ ನೀವೇ ರಿವರ್ಸ್ ಹೋಗಬೇಕಾದೀತು, ಈಗಲೇ ಬೇಡ. 14 ಹೇರ್‌ಪಿನ್ ತಿರುವುಗಳ ಆಗುಂಬೆಯೂ ಬೇಡ.

ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ ಹಿಡಿದು ನಿಲ್ಲಿಸಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಓವರ್‌ರನ್ ಬ್ರೇಕಿನವರು ಉದ್ದ ಇಳಿಜಾರಿನ ನಡುವೆ ಒಮ್ಮೆ ನಿಲ್ಲಿಸಿ, ಅದು ಎಂಜಿನ್ ಬ್ರೇಕಿಗೂ ಸ್ವಲ್ಪ ಸ್ವಲ್ಪ ಹಿಡಿಯುತ್ತಾ ಬಿಸಿಯಾಗುತ್ತಿರುತ್ತದೆ. ಇಳಿದು ಚಕ್ರದ ನಡುವಿನ ಹಬ್ಬಿನ ಹತ್ತಿರ ಅಂಗೈ ತನ್ನಿ, ಮುಟ್ಟುವುದು ಆಮೇಲೆ. ಎರಡೂ ಕಡೆ ಒಂದೇ ಥರ ಬೆಚ್ಚಗಿದ್ದರೆ ಹೊರಡಿ. ಒಂದು ಕಡೆ ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿದೆ ಅಥವಾ ಬೇರಿಂಗಿನ ಗ್ರೀಸ್ ಮುಗಿದಿದೆ.

ಹೊಸ ಟ್ರೇಲರಿನ ಚಕ್ರದ ನಟ್ಟುಗಳನ್ನು ಮೊದಲ 50 ಕಿಲೋಮೀಟರ್ ಆದ ಕೂಡಲೇ ಮತ್ತೊಮ್ಮೆ ಬಿಗಿ ಮಾಡಿ. ಸಮುದ್ರದ ಮರಳಿಗೆ ಇಳಿಸಿದ್ದರೆ ಮನೆಗೆ ಬಂದ ದಿನವೇ ಅಡಿಯೆಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ಜೂನ್ ಬರುವ ಮೊದಲು ಬೇರಿಂಗಿಗೆ ಹೊಸ ಗ್ರೀಸ್ ಹಾಕಿಸಿ, ನೀರಿನ ಟ್ಯಾಂಕಿ ಖಾಲಿ ಮಾಡಿ, ಹಾಸಿಗೆ ಹೊರಗೆ ತೆಗೆದು, ಕಿಟಕಿಗಳನ್ನು ಒಂದು ಬೆರಳಿನಷ್ಟು ತೆರೆದು ಶೆಡ್ಡಿನಲ್ಲಿಡಿ. ಇಲಿ ಬಾರದ ಹಾಗೆ ವಯರ್ ಹೋಗುವ ತೂತುಗಳಿಗೆ ಸ್ಟೀಲ್ ಜಾಲರಿ ತುರುಕಿ.